ಬಿಚ್ಚಲಾಗದ ಗುಂಡಿ

ನನ್ನ ಗಂಡ ಶಶಿಧರ್ ಬೈಕ್ ರೇಸಿನಿಂದ ಗೆದ್ದು ಬಂದರೋ ಸೋತು ಬಂದರೋ ಎಂದು ನಾನು ಕೇಳುತ್ತಿರಲಿಲ್ಲ. ಒಳಗೆ ಬಂದವರು ಅಂಗಿಯ ಗುಂಡಿಯನ್ನು ತಾವೇ ಬಿಚ್ಚಿಕೊಳ್ಳುತ್ತಾರೋ ಇಲ್ಲವೋ, ಅಷ್ಟನ್ನೇ ನೋಡುತ್ತಿದ್ದೆ. ಬಿಚ್ಚಿಕೊಂಡರೆ ಆ ದಿನ ನನಗೆ ಊಟ ಸೇರುತ್ತಿತ್ತು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಗೋಡೆ ನೋಡುತ್ತಾ ನಿಂತರೆ, ಕೋಣೆಯ ಬಾಗಿಲು ಮುಂದೆ ಮಾಡಿ ನಾನೇ ಬಿಚ್ಚುತ್ತಿದ್ದೆ. ಮುಂಗೈ ಮುಟ್ಟಿದರೆ ಒನಕೆಯ ಹಾಗೆ ಗಟ್ಟಿ. ಬೆರಳುಗಳು ಮಾತ್ರ ಬೇರೆ ಯಾರದೋ ಅನ್ನಿಸುತ್ತಿತ್ತು.

ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಹಾರಿಸುವವರಿಗೆಲ್ಲ ಇದು ಇದ್ದದ್ದೇ ಎಂದು ಅವರು ತೇಲಿಸುತ್ತಿದ್ದರು. ಹಳ್ಳದಿಣ್ಣೆಯಲ್ಲಿ ಹ್ಯಾಂಡಲ್ ಕುಣಿಯುತ್ತದೆ. ಬೀಳಬಾರದೆಂದು ಬಿಗಿಯಾಗಿ ಹಿಡಿಯುತ್ತಾರೆ. ಬಿಗಿ ಹಿಡಿದಷ್ಟೂ ರಕ್ತ ಮುಂಗೈಯಲ್ಲೇ ತುಂಬಿಕೊಂಡು ಕೈ ಊದುತ್ತದೆ, ಕೊನೆಗೆ ಬೆರಳು ಮಡಿಸಲೂ ಆಗುವುದಿಲ್ಲ. ಹಿಂದಿನ ವರ್ಷ ಅರಸೀಕೆರೆಯ ರೇಸಿನಲ್ಲಿ ಹೀಗೇ ಆಗಿ, ತಿರುವಿನಲ್ಲಿ ಬ್ರೇಕ್ ಹಿಡಿಯಲಾಗದೆ ನೇರ ಹೋಗಿ ತೆಂಗಿನ ಸಿಪ್ಪೆ ತುಂಬಿದ ಚೀಲಗಳಿಗೆ ಗುದ್ದಿಕೊಂಡಿದ್ದರು. ಜನ ಅದನ್ನೂ ಒಂದು ಸಾಹಸ ಅಂದುಕೊಂಡು ಚಪ್ಪಾಳೆ ತಟ್ಟಿದರಂತೆ. ಜಾವಗಲ್ಲಿನ ಮನೆಗೆ ಬಂದ ಮೇಲೆ ನನಗೊಬ್ಬಳಿಗೇ ನಿಜ ಹೇಳಿದರು.

"ಮೇಘಾ, ಬೆರಳು ನನ್ನ ಮಾತೇ ಕೇಳ್ಲಿಲ್ಲ ಕಣೇ."

ಆ ಮಾತು ಕೇಳಿದಂದಿನಿಂದ ತರಕಾರಿ ಹೆಚ್ಚುವಾಗ, ಬಟ್ಟೆ ಹಿಂಡುವಾಗ ನನ್ನ ಬೆರಳನ್ನು ನಾನೇ ನೋಡಿಕೊಳ್ಳುವಂತಾಯಿತು. ರೇಸ್ ಬಿಟ್ಟುಬಿಡಿ ಎಂದು ಅತ್ತೂ ಆಯಿತು, ಜಗಳ ಆಡಿಯೂ ಆಯಿತು. ಹಳೇಬೀಡಿನ ರೇಸೊಂದು ಮುಗಿಯಲಿ ಅಂದರು. ಗಂಡಸರ 'ಇದೊಂದು ಮುಗಿಯಲಿ' ಎಂಬುದನ್ನು ನಂಬುವಷ್ಟು ದಡ್ಡಿ ನಾನಲ್ಲ. ಆದರೆ ಕೈ ಸರಿಯಾಗದೆ ಹೋಗಕೂಡದು ಎಂದು ಪಟ್ಟು ಹಿಡಿದೆ.

ಕೈ ಸರಿ ಮಾಡಿಕೊಳ್ಳಲು ಮಹಾರಾಯರು ಕಂಡುಕೊಂಡ ದಾರಿ ಕೇಳಿದರೆ ನಗಬೇಕು. ಮಾವ ನಂಜಪ್ಪನವರದು ಕೊಬ್ಬರಿ ವ್ಯಾಪಾರ. ಹಿತ್ತಲಲ್ಲಿ ಕಾಯಿ ರಾಶಿಯೇ ಇರುತ್ತಿತ್ತು. ಇವರು ಆಳುಗಳನ್ನು ಪಕ್ಕಕ್ಕೆ ಕೂರಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಾವೇ ಸುಲಿಯತೊಡಗಿದರು. ತೋಳಿಗೆ ಬಲ ಬಂದರೆ ಎಲ್ಲ ಸರಿಹೋಗುತ್ತದಂತೆ. ಮಗನಿಗೆ ಕೊನೆಗೂ ವ್ಯಾಪಾರದ ಮೇಲೆ ಮನಸ್ಸು ಬಂತೆಂದು ಮಾವ ಖುಷಿಪಟ್ಟರು. ಸಂಜೆ ಗುಂಡಿ ಬಿಚ್ಚುವ ಕೆಲಸ ಮಾತ್ರ ನನಗೇ ಉಳಿಯಿತು, ಮೊದಲಿಗಿಂತ ಹೆಚ್ಚಾಗಿ.

ನಾನು ಮಾದಿಹಳ್ಳಿಯ ಹೈನಿನ ಮನೆಯಲ್ಲಿ ಬೆಳೆದವಳು. ಹಾಲು ಕರೆಯಲು ಕಲಿತ ಹೊಸದರಲ್ಲಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಂಡುತ್ತಿದ್ದೆ. ಅರ್ಧ ಚೊಂಬು ತುಂಬುವಷ್ಟರಲ್ಲಿ ಕೈ ಸೆಟೆದುಕೊಳ್ಳುತ್ತಿತ್ತು, ಹಸುವೂ ಒದೆಯುತ್ತಿತ್ತು. ಒಂದೊಂದು ಹಿಂಡಿಗೂ ಕೈಯನ್ನು ಪೂರಾ ಸಡಿಲ ಬಿಡಬೇಕು, ಆಗ ಎಷ್ಟು ಹಸು ಕರೆದರೂ ಕೈ ಸೋಲುವುದಿಲ್ಲ. ಅದನ್ನೇ ಇವರಿಗೆ ಹೇಳಿದೆ. ಮೊದಲು ಗೇಲಿ ಮಾಡಿದರು, ಆಮೇಲೆ ಯೋಚಿಸಿದರು. ಬಲವೆಲ್ಲ ಮಂಡಿಯಲ್ಲಿರಲಿ ಎಂದು ಪೆಟ್ರೋಲ್ ಟ್ಯಾಂಕನ್ನು ಮಂಡಿಗಳ ನಡುವೆ ಅದುಮಿ, ಎದ್ದು ನಿಂತು ಓಡಿಸುವುದು, ನೇರ ದಾರಿ ಸಿಕ್ಕಾಗಲೆಲ್ಲ ಬೆರಳು ಸಡಿಲಿಸುವುದು, ಬ್ರೇಕಿನ ಹಿಡಿಯನ್ನು ಕೆಳಗೆ ಬಾಗಿಸಿ ಒಂದೇ ಬೆರಳಿಗೆ ಎಟುಕುವಂತೆ ಮಾಡುವುದು, ಹೊರಡುವ ಮುಂಚೆ ಕೈ ಬೆಚ್ಚಗೆ ಮಾಡಿಕೊಂಡು ನೀರು ಕುಡಿಯುವುದು. ಇದೆಲ್ಲ ಅವರೇ ಮಾಡಿಕೊಂಡ ಏರ್ಪಾಡು. ಅವರು ಅಭ್ಯಾಸ ಮಾಡುವಾಗ ನಾನು ತಂತಿಬೇಲಿಯ ಬಳಿ ನಿಂತು ಮುಷ್ಟಿ ಕಟ್ಟಿ ಬಿಡಿಸಿ ತೋರಿಸುತ್ತಿದ್ದೆ. ಸಡಿಲ ಬಿಡಿ ಎಂದು ಅದರ ಅರ್ಥ. ಸುಗ್ಗಿ ಕಳೆಯುವ ಹೊತ್ತಿಗೆ ಅವರ ಗುಂಡಿ ಅವರೇ ಬಿಚ್ಚಿಕೊಳ್ಳುತ್ತಿದ್ದರು. ಆದರೂ ನನ್ನ ಹೆದರಿಕೆ ಹೋಗಲಿಲ್ಲ.

ಅದು ಎರಡು ಸಾವಿರದ ಮೂರನೇ ಇಸವಿ. ಹಳೇಬೀಡಿನ ಆಚೆ, ಕೊಯ್ಲಾದ ಹೊಲವೊಂದನ್ನು ಕಡಿದು ದಿಣ್ಣೆ ಎಬ್ಬಿಸಿ ಯುವಕ ಸಂಘದವರು ಟ್ರ್ಯಾಕ್ ಮಾಡಿದ್ದರು. ಅದರ ಕೊನೆಯ ತಿರುವು ನೋಡಿ ನನ್ನ ಕಾಲುಗಳು ಅಲ್ಲೇ ನಿಂತವು. ತಿರುವಿನ ಹಿಂದೆ ಕಟ್ಟೆ ಇಲ್ಲದ ತೆರೆದ ಬಾವಿ. ಅಡ್ಡಕ್ಕೆ ನಾಲ್ಕು ಚೀಲ ಸಿಪ್ಪೆ, ಮೇಲೊಂದು ತೆಂಗಿನ ಗರಿ. ಬಗ್ಗಿ ನೋಡಿದರೆ ತಳದಲ್ಲಿ ಕಪ್ಪು ನೀರು, ಬದಿಯಲ್ಲಿ ಬರೀ ಕಲ್ಲು. ಅಷ್ಟು ದೂರ ಯಾರೂ ಹೋಗುವುದಿಲ್ಲ ಅಕ್ಕ ಎಂದು ಸಂಘದ ಹುಡುಗನೊಬ್ಬ ಹೇಳಿದ. ಬೆರಳು ಮಾತು ಕೇಳದಿದ್ದರೆ ಎಷ್ಟು ದೂರ ಹೋಗುತ್ತಾರೆಂದು ನನಗೆ ಗೊತ್ತಿತ್ತು.

ನನ್ನ ಅತ್ತೆ ಗುರುಸಿದ್ದಮ್ಮನವರು ಮಗನ ರೇಸ್ ನೋಡಲು ಬಂದದ್ದು ಅದೇ ಮೊದಲು. ಕೈ ಸೆಟೆಯುವ ವಿಷಯ ಅವರಿಗೆ ಗೊತ್ತಿರಲಿಲ್ಲ, ಹೇಳಬೇಡ ಎಂದು ಇವರು ಆಣೆ ಹಾಕಿಸಿಕೊಂಡಿದ್ದರು. ನಾನು ಬಾಟಲಿಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಇವರು ಹೆಲ್ಮೆಟ್ಟು, ಗ್ಲೌಸು ಹಾಕಿಕೊಂಡು ಸಾಲಿನಲ್ಲಿ ನಿಂತಾಗಿತ್ತು.

ಮೊದಲ ಸುತ್ತುಗಳಲ್ಲಿ ಚೆನ್ನಾಗಿಯೇ ಓಡಿಸಿದರು. ದಿಣ್ಣೆ ಹಾರಿ ಇಳಿಯುವಾಗ ಮೊಣಕೈ ಅಗಲವಾಗಿ ಸಡಿಲವಾಗಿತ್ತು. ನನಗೆ ಸ್ವಲ್ಪ ಉಸಿರು ಬಂತು. ಆಮೇಲೆ ಬಲ ಮೊಣಕೈ ನಿಧಾನಕ್ಕೆ ಕೆಳಗೆ ಬಿತ್ತು. ನೇರ ದಾರಿಯಲ್ಲಿ ಬೆರಳು ಸಡಿಲಿಸುವ ಬದಲು ಇಡೀ ಕೈಯನ್ನು ಹ್ಯಾಂಡಲಿನಿಂದ ಕಿತ್ತು ಒದರಿದರು, ಬೈಕು ಜೋಲಿ ಹೊಡೆಯಿತು. ಎಡಗೈ ಸರಿಯಾಗಿಯೇ ಇತ್ತು. ಬಲಗೈ ಒಂದಕ್ಕೇ ಏನಾಯಿತು, ಇಷ್ಟು ಬೇಗ ಹೇಗಾಯಿತು ಎಂದು ನನಗೆ ಹೊಳೆಯಲಿಲ್ಲ. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದೆ. ಅತ್ತೆ ನನ್ನ ಬೆನ್ನು ಸವರಿದರು.

"ಯಾಕಿಂಗೆ ನಡುಗ್ತೀಯವ್ವಾ? ಏನೂ ಆಗಕಿಲ್ಲ. ಮಠದ ದಾರ ಕಟ್ಟಿವ್ನಿ."

ಎಲ್ಲಿಗೆ ಕಟ್ಟಿದಿರಿ ಎಂದು ಕೇಳಿದೆ. ಬಲಗೈಗೆ ಅಂದರು. ಮಣಿಕಟ್ಟಿಗೇ ಕಟ್ಟುತ್ತಿದ್ದರಂತೆ, ಆದರೆ ಆ ಗ್ಲೌಸು ಚರ್ಮದ್ದು. ಸ್ವಾಮಿಗಳು ಮಂತ್ರಿಸಿ ಕೊಟ್ಟ ದಾರಕ್ಕೆ ಚರ್ಮ ತಾಗಬಾರದಲ್ಲ, ಅದಕ್ಕೇ ಮೇಲೆ, ಮೊಣಕೈಯ ಸ್ವಲ್ಪ ಕೆಳಗೆ ಕಟ್ಟಿದರಂತೆ. ರೇಸಿನ ಕುಲುಕಾಟಕ್ಕೆ ಜಾರಿ ಚರ್ಮಕ್ಕೆ ತಗುಲೀತೆಂದು ಅರಿಶಿನದ ನೀರಲ್ಲಿ ನೆನೆಸಿ, ಮೂರು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದರಂತೆ. ತಾಯಿ ಕಟ್ಟಿದ್ದಕ್ಕೆ ಮಗ ಬೇಡ ಅನ್ನಲಿಲ್ಲ, ಅಂಗಿಯ ತೋಳು ಇಳಿಸಿಕೊಂಡು ಹೋದರಂತೆ.

ಹೊಸ ನೂಲಿನ ದಾರ. ಬೆವರಿಗೆ ನೆಂದಷ್ಟೂ ಬಿಗಿಯುತ್ತದೆ. ಮುಂಗೈ ಊದಿದಷ್ಟೂ ಮಾಂಸದೊಳಕ್ಕೆ ಇಳಿಯುತ್ತದೆ. ಒಳಗೆ ಹೋದ ರಕ್ತ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಅತ್ತೆಗೆ ವಿವರಿಸುವಷ್ಟು ಹೊತ್ತು ಇರಲಿಲ್ಲ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಡಿ ನುಸುಳಿ ಬಾವಿಯ ಕಡೆ ಓಡಿದೆ. ಸೀರೆ ಕಾಲಿಗೆ ಸಿಕ್ಕಿ ಬಿದ್ದೆ, ಎದ್ದೆ, ಮತ್ತೆ ಓಡಿದೆ. ಬಾವುಟ ಹಿಡಿದವನು ಯಾರ್ರೀ ಅದು, ಪಕ್ಕಕ್ಕೆ ಬನ್ನಿ ಎಂದು ಗದರಿದ. ರೇಸ್ ನಿಲ್ಲಿಸಿ ಎಂದೆ. ಅವನಿಗೆ ನಾನು ಹುಚ್ಚಿಯ ಹಾಗೆ ಕಂಡಿರಬೇಕು.

ಕೊನೆಯ ದಿಣ್ಣೆ ಹಾರಿ ಇವರ ಬೈಕು ಇಳಿಯಿತು. ಇಳಿದಾಗ ಶಬ್ದ ಕಮ್ಮಿಯಾಗಬೇಕಿತ್ತು, ಆಗಲಿಲ್ಲ. ಎಕ್ಸಲರೇಟರ್ ಹಿಡಿದ ಕೈ ಹಾಗೇ ಕಚ್ಚಿಕೊಂಡಿತ್ತು. ನಾನು ಸಿಪ್ಪೆ ಚೀಲಗಳ ಮುಂದೆ, ಬಾವಿಗೆ ಬೆನ್ನು ಹಾಕಿ ನಿಂತು ಎರಡೂ ಕೈ ಮೇಲೆತ್ತಿ ಮುಷ್ಟಿ ಕಟ್ಟಿ ಬಿಡಿಸಿದೆ, ಕಟ್ಟಿ ಬಿಡಿಸಿದೆ. ಅವರು ನನ್ನನ್ನು ನೋಡಿದರು. ಹೆಲ್ಮೆಟ್ಟಿನೊಳಗೆ ಕಣ್ಣು ಅಗಲವಾದದ್ದು ನನಗೆ ಕಂಡಿತು. ಬಲಗೈ ಬಿಡಿಸಿಕೊಳ್ಳಲಿಲ್ಲ. ನನಗೆ ಜೀವದ ಆಸೆ ಇರಲಿಲ್ಲವೆಂದಲ್ಲ, ಬಹಳ ಇತ್ತು. ಆದರೆ ಕಾಲು ಕದಲಲಿಲ್ಲ.

ಅವರು ಎಡಗೈಯಲ್ಲಿ ಕ್ಲಚ್ ಹಿಡಿದು, ಮೈಯನ್ನೆಲ್ಲ ಎಡಕ್ಕೆ ಎಸೆದು ಬೈಕನ್ನು ಬೇಕೆಂದೇ ಮಲಗಿಸಿದರು. ಬೈಕು ಮಣ್ಣು ಕೆರೆಯುತ್ತಾ ನನ್ನ ಪಕ್ಕದಿಂದಲೇ ಹಾದು ಬಂದು ಚೀಲಗಳನ್ನು ಒದ್ದು ನಿಂತಿತು. ಮೇಲಿದ್ದ ಗರಿ ಬಾವಿಗೆ ಬಿತ್ತು. ಅದು ನೀರು ಮುಟ್ಟಿದ ಶಬ್ದ ಬಹಳ ಹೊತ್ತಿನ ಮೇಲೆ ಬಂದ ಹಾಗೆ ಅನ್ನಿಸಿತು. ಇವರು ನನ್ನ ಕಾಲ ಬುಡದಲ್ಲೇ ಬಿದ್ದಿದ್ದರು, ಉಸಿರಾಡುತ್ತಿದ್ದರು.

ಅಂಗಿಯ ತೋಳನ್ನು ಮೇಲೆ ಸರಿಸಿದೆ. ದಾರ ಕಾಣಲಿಲ್ಲ, ಅದು ಹೂತುಹೋದ ಗೆರೆ ಮಾತ್ರ ಕಂಡಿತು. ಅದರ ಕೆಳಗೆ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಗಂಟಿಗೆ ಉಗುರು ಹಾಕಿದೆ, ಜಗ್ಗಲಿಲ್ಲ. ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತಾ ಬಂದರು. ಮಠದ ದಾರವನ್ನು ಕತ್ತರಿಸುವಂತಿಲ್ಲ. ತಾನಾಗಿ ಸವೆದು ಬೀಳಬೇಕು, ಇಲ್ಲವೇ ಮಠಕ್ಕೇ ಹೋಗಿ ಬಿಚ್ಚಿಸಬೇಕು. ಆ ಕಟ್ಟಳೆಯನ್ನು ಮನೆಯಲ್ಲಿ ನಮಗೆಲ್ಲ ಕಲಿಸಿದವರೇ ಅವರು. ಅವರು ಕೈಯನ್ನು ನೋಡಿದರು, ನನ್ನನ್ನು ನೋಡಿದರು. ಮಂಡಿಯೂರಿ ಕೂತು, ಮಗನ ತೋಳಿಗೆ ಬಾಯಿ ಹಾಕಿ ದಾರವನ್ನು ಹಲ್ಲಿನಿಂದ ಕಡಿದರು. ತುಟಿಗೆ ಅರಿಶಿನದ ಜೊತೆ ರಕ್ತವೂ ಹತ್ತಿತ್ತು.

ಸಂಜೆ ಜಾವಗಲ್ಲಿನ ಮನೆಯಲ್ಲಿ ಇವರು ನಡುಮನೆಯ ಗೋಡೆ ನೋಡುತ್ತಾ ಗುಂಡಿಯ ಮೇಲೆ ಬೆರಳಿಟ್ಟು ನಿಂತರು. ನಾನು ಏಳುವ ಮೊದಲೇ ಅತ್ತೆ ಎದ್ದುಹೋಗಿ ಒಂದೊಂದೇ ಗುಂಡಿ ಬಿಚ್ಚತೊಡಗಿದರು. 

"ಇದು ಇವತ್ತಿಂದಲ್ಲ, ಅಲ್ವೇನವ್ವ?" ಎಂದು ನನ್ನ ಕಡೆ ತಿರುಗದೆಯೇ ಕೇಳಿದರು.

ಅಲ್ಲ ಎಂದೆ. ಅವರು ನಮ್ಮಿಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕೊನೆಯ ಗುಂಡಿಗೆ ಬಂದಾಗ ಇವರು ತಾಯಿಯ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ಊದಿದ ಬೆರಳನ್ನು ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ, ಗುಂಡಿಯನ್ನು ಹಿಡಿದರು. ಜಾರಿತು. ಮತ್ತೆ ಹಿಡಿದರು. ನಾನೂ ಅತ್ತೆಯೂ ನೋಡುತ್ತಿದ್ದೆವು. ಕೊನೆಗೆ ಗುಂಡಿ ಬಿಚ್ಚಿಕೊಂಡಿತು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ವಿಭೂತಿ ತರಲು ಒಳಗೆ ಹೋದರು. ಇವರು ನನ್ನ ಕಡೆ ತಿರುಗಿ ನಕ್ಕರು. ಮದುವೆಯಾದಂದಿನಿಂದ ನೋಡಿದ ನಗು ಅದು, ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಮತ್ತೆ ಹೋಗುತ್ತಾರೆ. ಆ ರಾತ್ರಿ ಅವರು ಗುಂಡಿ ಬಿಚ್ಚಿಕೊಂಡ ಮೇಲೂ ನನಗೆ ಊಟ ಸೇರಲಿಲ್ಲ.