ಐವತ್ತೆರಡು ವರ್ಷದ ಗಂಡು

ಹೊಸ ಧರ್ಮಾಧ್ಯಕ್ಷರನ್ನು, ಅಂದರೆ ಬಿಷಪ್ಪರನ್ನು, ಬರಮಾಡಿಕೊಳ್ಳಲು ಆದಿವಾಲದ ಪುಟ್ಟ ಚರ್ಚಿಗೆ ಶಾಮಿಯಾನಕ್ಕೆ ಎಂಟು ಸಾವಿರ, ಬ್ಯಾಂಡ್‌ಸೆಟ್ಟಿಗೆ ಆರು, ಗುಲಾಬಿ ಹಾರಕ್ಕೆ ಒಂಬೈನೂರು, ಊಟದ್ದು ಬೇರೆ. ಅವರನ್ನು ಆರಿಸುವುದಕ್ಕೆ ಮಾತ್ರ ಊರಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಊರನ್ನು ಯಾರೂ ಕೇಳುವುದೇ ಇಲ್ಲವಲ್ಲ!

ಈ ಸಲ ಒಬ್ಬಳನ್ನು ಕೇಳಿದರು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಫಾರಂ ತುಂಬಿ ನಿವೃತ್ತಳಾದ ಜಪಮಾಲಮ್ಮನಿಗೆ ದಿಲ್ಲಿಯಲ್ಲಿರುವ ಪೋಪರ ಪ್ರತಿನಿಧಿಯ ಕಚೇರಿಯಿಂದ ದಪ್ಪ ಲಕೋಟೆ ಬಂತು. ನಿಮ್ಮ ಫಾದರ್ ದಯಾನಂದರು ಧರ್ಮಾಧ್ಯಕ್ಷರಾಗಲು ಯೋಗ್ಯರೇ? ಸಿಟ್ಟು ಎಷ್ಟು? ಆರೋಗ್ಯ ಹೇಗೆ? ವಂಶದಲ್ಲಿ ಕಾಯಿಲೆ ಉಂಟೇ? ಉತ್ತರ ಬರೆಯಿರಿ, ಯಾರ ಮುಂದೆಯೂ ಬಾಯಿ ಬಿಡಬೇಡಿ, ಅವರ ಮುಂದಂತೂ ಬೇಡವೇ ಬೇಡ.

ಜಪಮಾಲಮ್ಮನಿಗೆ ಆ ರಾತ್ರಿ ಮುದ್ದೆ ಇಳಿಯಲಿಲ್ಲ. ಫಾದರ್ ಬಂದ ಮೇಲೆ ಚರ್ಚಿಗೆ ಒಂದು ಪೊರಕೆ ತರುವುದಿದ್ದರೂ ಪೂಜೆ ಮುಗಿಸಿ ಎಲ್ಲರ ಕೈ ಎತ್ತಿಸುತ್ತಿದ್ದರು. ಹೆಂಗಸರ ಕೈಯೂ ಲೆಕ್ಕಕ್ಕಿತ್ತು. ಒಳ್ಳೆಯವರೆಂದು ಬರೆದರೆ ಅವರನ್ನು ಕರೆದುಕೊಂಡು ಹೋಗುತ್ತಾರೆ. ಕೆಟ್ಟವರೆಂದರೆ ಸುಳ್ಳಾಯಿತು, ಪಾಪ. ಆ ಪಾಪವನ್ನು ನಿವೇದಿಸಿಕೊಳ್ಳಬೇಕಾದದ್ದು ಅದೇ ಫಾದರ್ ಮುಂದೆ!

ಗುಟ್ಟು ಬಿಟ್ಟುಕೊಡದೆ ಬುದ್ಧಿ ಕೇಳೋಣವೆಂದು ಪಕ್ಕದ ಮನೆಯ ಮರುಳಸಿದ್ದಮ್ಮನ ಜಗಲಿಯಲ್ಲಿ ಕುಂತಳು.

"ಅಕ್ಕಾ, ಒಂದು ಗಂಡಿನ ವಿಷ್ಯ ಕೇಳಿ ನಂಗೆ ಕಾಗ್ದ ಬರ್ದವ್ರೆ. ಒಳ್ಳೇನು ಅಂದ್ರೆ ಮನೆ ಅಳಿಯನ್ನ ಮಾಡ್ಕಂಡು ಹೋಗ್ತಾರೆ. ನಮ್ಗೆ ದಕ್ಕಲ್ಲ."

"ವಯಸ್ಸೆಷ್ಟು?"

"ಐವತ್ತೆರಡು."

"ಥೂ ನಿನ್ನ! ಐವತ್ತೆರಡರ ಗಂಡಿಗೆ ಹೆಣ್ಣು ಕೊಡೋ ಪುಣ್ಯಾತ್ಮರು ಯಾರೇ?"

"ದೊಡ್ಡ ಮನೆತನ ಅಕ್ಕ. ಭಾಳ ಹಳೇದು."

"ಹುಡುಗಿ ಹೆಂಗವ್ಳೆ?"

"ಅವಳಿಗೂ ಭಾಳ ವಯಸ್ಸಾಗೈತೆ ಬಿಡು."

ಮರುಳಸಿದ್ದಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ಸುಳ್ಳು ಹೇಳಬ್ಯಾಡ. ಇರೋ ದೋಷ ಹೇಳು. ಗುಣ ಬೇಕಾದ್ರೆ ಅವ್ರೇ ಹುಡುಕ್ಕಳ್ಳಿ."

ಜಪಮಾಲಮ್ಮ ದುಂಡಗೆ ಬರೆದಳು: "ಫಾದರ್ ಸ್ವಂತ ಬುದ್ಧಿಯಿಂದ ಒಂದು ಪೊರಕೆಯನ್ನೂ ಕೊಳ್ಳುವವರಲ್ಲ. ಎಲ್ಲದಕ್ಕೂ ಜನರನ್ನು ಕೇಳುತ್ತಾರೆ. ಹೆಂಗಸರು ಎದುರು ಮಾತಾಡಿದರೂ ಕೇಳಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಒಪ್ಪಿಯೂ ಬಿಡುತ್ತಾರೆ." ಒಂದಕ್ಷರ ಸುಳ್ಳಿಲ್ಲ. ನೆಮ್ಮದಿಯಾಗಿ ಪೋಸ್ಟಿಗೆ ಹಾಕಿದಳು.

ಫಾದರ್ ಉಳಿದರು. ಆರು ತಿಂಗಳಿಗೆ ಬೇರೊಬ್ಬರು ಧರ್ಮಾಧ್ಯಕ್ಷರಾಗಿ ಆದಿವಾಲಕ್ಕೆ ಭೇಟಿ ಕೊಟ್ಟರು. ಹಾರ ಬಿತ್ತು, ಬ್ಯಾಂಡ್ ಬಡಿಯಿತು. ಊಟವಾದ ಮೇಲೆ ಫಾದರ್ ಎಂದಿನಂತೆ ಎದ್ದು, "ಚರ್ಚಿನ ಗೋಡೆಗೆ ಬಿಳಿಯೋ, ಹಳದಿಯೋ? ಕೈ ಎತ್ತಿ" ಎಂದರು.

"ಬಿಳಿಯೇ ಚೆನ್ನ" ಎಂದರು ಧರ್ಮಾಧ್ಯಕ್ಷರು.

ಹಳದಿಗೆ ಮೂವತ್ತೊಂದು ಕೈ ಎದ್ದವು. ಮೊದಲು ಎದ್ದದ್ದು ಜಪಮಾಲಮ್ಮನದೇ.

"ಹಂಗಾದ್ರೆ ಹಳದಿ," ಎಂದರು ಫಾದರ್, ನಗುತ್ತಾ. ಧರ್ಮಾಧ್ಯಕ್ಷರು ನಗಲಿಲ್ಲ.

ತಿಂಗಳೊಳಗೆ ಫಾದರ್‌ಗೆ ದೂರದೂರಿಗೆ ವರ್ಗವಾಯಿತು. ಅದಕ್ಕೆ ಯಾರೂ ಯಾರ ಕೈಯನ್ನೂ ಎತ್ತಿಸಲಿಲ್ಲ. ಅವರ ಜಾಗಕ್ಕೆ ಬಂದ ಗುರುಗಳು ಕೆಟ್ಟವರೇನಲ್ಲ. ಏನಿದ್ದರೂ ತಾವೇ ತೀರ್ಮಾನಿಸಿ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಅಷ್ಟೇ.

ಜಪಮಾಲಮ್ಮನ ಕಾಗದದಿಂದ ಆದಿವಾಲಕ್ಕೆ ಫಾದರ್ ದಯಾನಂದರು ಏಳು ತಿಂಗಳು ಹೆಚ್ಚಿಗೆ ದಕ್ಕಿದರು. ಆಮೇಲೆ ಅವರೂ ಉಳಿಯಲಿಲ್ಲ, ಜನರನ್ನು ಕೇಳಿ ನಡೆಯುವ ಧರ್ಮಾಧ್ಯಕ್ಷರೂ ಸಿಗಲಿಲ್ಲ.