ಹದಿನೇಳನೆಯ ಬೋಲ್ಟು

ಶಾಲೆಯ ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು ಕೂರಿಸಬೇಕಿತ್ತು. ಅದಕ್ಕಾಗಿ ಕಾಂಕ್ರೀಟ್ ಬೀಮಿನ ಪಕ್ಕಕ್ಕೆ ಇಪ್ಪತ್ನಾಲ್ಕು ಆಂಕರ್ ಬೋಲ್ಟು ಹೊಡೆದವನು ನಾನು. ಇಪ್ಪತ್ತೆರಡು ವರ್ಷದ ಫಿಟ್ಟರ್ ಕಸುಬು; ನನ್ನ ಕೆಲಸಕ್ಕೆ ಯಾರಾದರೂ ಬೆರಳು ತೋರಿಸಿದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಿದ್ದೂ ಹದಿನೇಳನೆಯದರಲ್ಲಿ ಕಳ್ಳಾಟ ಆಡಿದ್ದೆ. ಗುರುತು ಹಾಕಿದ ಕಡೆ ಡ್ರಿಲ್ಲು ಒಳಗಿನ ಕಂಬಿಗೆ ತಾಗಿತು. ಇಂಜಿನಿಯರನ್ನು ಕೇಳಬೇಕಿತ್ತು. ಕೇಳಿದರೆ ಒಂದು ದಿನ ಹಾಳು ಅಂದುಕೊಂಡು, ಮೂರು ಬೆರಳು ಕೆಳಗೆ, ಬೀಮಿನ ಅಂಚಿನ ಹತ್ತಿರ ಕೊರೆದು, ಹಳೇ ತೂತಿಗೆ ಸಿಮೆಂಟು ಮೆತ್ತಿದೆ. ಬೋಲ್ಟುಗಳು ಮೇಲೆ ಕೆಳಗೆ ಎರಡು ಸಾಲಲ್ಲಿದ್ದುದರಿಂದ ಅದು ಎದ್ದು ಕಾಣಲಿಲ್ಲ.

ಬೋಲ್ಟುಗಳ ಬಲ ಪರೀಕ್ಷಿಸಲು ಲ್ಯಾಬಿನಿಂದ ಬಂದವಳು ನನ್ನ ಮಗಳು.

"ಅಪ್ಪನ ಕೆಲಸಕ್ಕೆ ಮಗಳ ಸಹಿ. ಪಾಸೇ ಬಿಡಿ!" ಎಂದು ಸೂಪರ್‌ವೈಸರ್ ಹಲ್ಲು ಕಿರಿದ.

ಅವಳು ನಗಲಿಲ್ಲ. "ಯಾವ ಮೂರು ಬೋಲ್ಟು ನೋಡ್ಬೇಕು ಅಂತ ನೀವೇ ಹೇಳಿ ಸಾರ್," ಎಂದಳು.

ಅವನು ಎರಡು, ಒಂಬತ್ತು, ಇಪ್ಪತ್ತು ಎಂದ. ಅವಳು ಒಂದೊಂದಕ್ಕೂ ಜಾಕ್ ಕಟ್ಟಿ, ಅದರ ಒತ್ತಡದ ಗೇಜು ನೋಡುತ್ತಾ ಕೆಳಕ್ಕೆ ಎಳೆದಳು. ಮೆಟ್ಟಿಲ ಭಾರ ಬೋಲ್ಟನ್ನು ಹೊರಕ್ಕೆ ಕೀಳುವುದಕ್ಕಿಂತ ಕೆಳಕ್ಕೆ ಅದುಮಿ ಕತ್ತರಿಸಲು ನೋಡುವುದೇ ಹೆಚ್ಚು. ಉಕ್ಕೇನೋ ತಡೆದೀತು, ಅದನ್ನು ಹಿಡಿದಿರುವ ಕಾಂಕ್ರೀಟೂ ತಡೆಯಬೇಕಲ್ಲ.

ಮೂರೂ ಪಾಸಾದವು. ಅವಳು ಸಾಮಾನು ಕಟ್ಟತೊಡಗಿದಳು. ಅಷ್ಟರಲ್ಲಿ ಗಂಟೆ ಬಾರಿಸಿ, ಆಚೆ ಬದಿಯ ಹಳೇ ಮೆಟ್ಟಿಲಲ್ಲಿ ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡುತ್ತಾ ದಡದಡ ಇಳಿದರು. ನಾನು ಅವಳ ಸಾಮಾನಿಗೆ ಕೈ ಅಡ್ಡ ಹಿಡಿದೆ.

"ತಡಿಯಮ್ಮ. ಹದಿನೇಳನ್ನೂ ಒಂದ್ಸಲ ಎಳೆದುಬಿಡು."

"ಯಾಕಪ್ಪಾ?"

"ಅಲ್ಲಿ ಕಂಬಿ ತಾಗಿತ್ತು. ಕೆಳಗಿಳಿಸಿ ಕೊರೆದೆ. ಯಾರಿಗೂ ಹೇಳಿಲ್ಲ."

ಸೂಪರ್‌ವೈಸರ್ ಮುಖ ಹರಳೆಣ್ಣೆ ಕುಡಿದಂತಾಯಿತು. ಮಗಳು ಮತ್ತೆ ಜಾಕ್ ಕಟ್ಟಿದಳು. ಗೇಜಿನ ಮುಳ್ಳು ಅರ್ಧಕ್ಕೂ ಬಂದಿರಲಿಲ್ಲ, ಟಪ್ಪೆಂದು ಬೀಮಿನ ಅಂಚು ತಟ್ಟೆಯಗಲ ಕಿತ್ತುಬಂದು ಕೆಳಗೆ ಬಿತ್ತು. ಬೋಲ್ಟಿಗೆ ಏನೂ ಆಗಿರಲಿಲ್ಲ. ನಿಜ ಹೇಳುತ್ತೇನೆ, ಎದೆ ಹಗುರಾಯಿತು. ಬಿದ್ದದ್ದು ಇವತ್ತು, ಈ ಬದಿಯ ಯಾರೂ ಇಲ್ಲದ ಅಂಗಳಕ್ಕೆ.

"ಇಂಥವು ಇನ್ನೆಷ್ಟಿವೆ?"

"ಇದೊಂದೇ. ನಿನ್ನಾಣೆ."

"ಆಣೆ ಬೇಡಪ್ಪಾ. ಎಲ್ಲಾನೂ ಎಳೀತೀನಿ."

ಬೇರೆ ಯಾರಾದರೂ ಹಾಗಂದಿದ್ದರೆ ಡ್ರಿಲ್ಲು ಅಲ್ಲೇ ಬಿಸಾಕಿ ಹೊರಟುಬಿಡುತ್ತಿದ್ದೆ. ಅವತ್ತು ತೆಪ್ಪಗೆ ಏಣಿ ಹಿಡಿದು ನಿಂತೆ. ಉಳಿದ ಇಪ್ಪತ್ತೂ ಕೂದಲೆಳೆಯಷ್ಟೂ ಕದಲಲಿಲ್ಲ. ಒಂದೊಂದು ನಿಂತಾಗಲೂ ನನಗೆ ಉಸಿರು ಬಂತು.

ಅವಳು ವರದಿ ಬರೆದು ನನ್ನ ಮುಂದಿಟ್ಟಳು. ಹದಿನೇಳರ ಎದುರು "ಫೇಲ್, ಮತ್ತೆ ಮಾಡಬೇಕು" ಎಂದಿತ್ತು. ಅದರ ಪಕ್ಕದಲ್ಲಿ "ತೋರಿಸಿಕೊಟ್ಟವರು: ಕೊರೆದ ಫಿಟ್ಟರ್." ಕಣ್ಣು ಮಂಜಾಗಿ ಸಹಿಯ ಗೆರೆಯೇ ಕಾಣಲಿಲ್ಲ.

"ಇಲ್ಲಿ ನೋಡಪ್ಪಾ, ಇಲ್ಲಿ," ಎನ್ನುತ್ತಾ ಅವಳೇ ನನ್ನ ಕೈ ಹಿಡಿದು ಪೆನ್ನನ್ನು ಗೆರೆಯ ಮೇಲಿಟ್ಟಳು.