ಹೊರಗಿನ ಬೆಂಚು

ನಮ್ಮ ಅತ್ತೆಗೆ ನನ್ನ ಕಾಫಿ ಯಾವತ್ತೂ ಹಿಡಿಸಿದ್ದಿಲ್ಲ. ಮದುವೆಯಾಗಿ ಬಂದ ಮರುದಿನದಿಂದಲೂ ಅದೇ ರಾಗ. ಸಕ್ಕರೆ ಕಮ್ಮಿ, ಬಿಸಿ ಸಾಲದು, ಲೋಟ ಸರಿಯಾಗಿ ತೊಳೆದಿಲ್ಲ. ನನಗೂ ಮೂಗಿನ ತುದಿಯಲ್ಲೇ ಕೋಪ, ಒಂದಕ್ಕೆರಡು ಹೇಳದೆ ಬಿಟ್ಟವಳಲ್ಲ. ಅಂಥ ಅತ್ತೆ ಈ ವರ್ಷ ಬೈಯುವುದನ್ನೇ ನಿಲ್ಲಿಸಿಬಿಟ್ಟರು. ಬಹಳ ದಿನದಿಂದ ಇದ್ದ ನಡುಕದ ಕಾಯಿಲೆ ಗಂಟಲಿಗೆ ಇಳಿದಿತ್ತು. ಒಂದು ಗುಟುಕು ಕುಡಿದರೆ ಸಾಕು, ನೆತ್ತಿಗೆ ಹತ್ತಿ, ಮುಖ ಕೆಂಪಾಗಿ, ಉಸಿರು ಕಟ್ಟುವಷ್ಟು ಕೆಮ್ಮು. ಎರಡು ಸಲ ಶ್ವಾಸಕೋಶಕ್ಕೆ ನೀರು ಹೋಗಿ ನ್ಯುಮೋನಿಯಾ ಆಯಿತು. ಇನ್ನೊಂದು ಸಲ ಹೀಗಾದರೆ ಕೈಮೀರುತ್ತದೆ ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ಅತ್ತೆ ಲೋಟ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದರು. ಅವರ ಬೈಗುಳವೇ ವಾಸಿಯಾಗಿತ್ತು, ಖಂಡಿತ.

ನನ್ನ ಹಣೆಬರಹ ನೋಡಿ, ನಾನಿರುವುದು ಆರೋಗ್ಯ ಇಲಾಖೆಯ ವಿಶೇಷ ಸೇವೆಗಳ ವಿಭಾಗದಲ್ಲಿ. ಎಲ್ಲ ಆಸ್ಪತ್ರೆಗಳಲ್ಲೂ ಇಡಲಾಗದಂಥ ಅಪರೂಪದ ಚಿಕಿತ್ಸೆಯನ್ನು ಒಂದು ದೊಡ್ಡ ಆಸ್ಪತ್ರೆಗೆ ವಹಿಸುತ್ತಾರೆ. ವಹಿಸುವ ಮೊದಲು ಅದು ಯಾರಿಗೆ ಎಂದು ಒಂದು ವಾಕ್ಯ ಬರೆಯಬೇಕು. ಆ ವಾಕ್ಯದೊಳಗೆ ಬಂದವರಿಗೆ ಚಿಕಿತ್ಸೆ ಉಂಟು, ಬರದವರಿಗೆ ಇಲ್ಲ. ಬರೆಯುವವಳು ನಾನು.

ಈ ಸಲದ್ದು ನುಂಗಲಾಗದವರ ಕ್ಲಿನಿಕ್. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ನೀರು ಎಲ್ಲಿ ದಾರಿ ತಪ್ಪುತ್ತಿದೆಯೆಂದು ನೋಡಿ, ನುಂಗುವುದನ್ನು ಹೊಸದಾಗಿ ಕಲಿಸುವ ಜಾಗ. ಕಾರಣ ಯಾವುದೇ ಇರಲಿ, ಎಲ್ಲರನ್ನೂ ಸೇರಿಸಿ ಎಂದು ಅದನ್ನು ನಡೆಸಬೇಕಾದ ಗಂಟಲಿನ ಡಾಕ್ಟರಮ್ಮ ಮೊದಲೇ ಕೇಳಿದ್ದರು. ಆದರೆ ನನ್ನ ವಾಕ್ಯಕ್ಕೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಹಣಕಾಸಿನ ಅಧಿಕಾರಿ ಇದ್ದರಲ್ಲ, ನಾವೆಲ್ಲ ಬೆನ್ನ ಹಿಂದೆ ‘ಕತ್ತರಿ’ ಎನ್ನುವವರು, ಅವರು ಬಿಡಬೇಕಲ್ಲ. ಅಗಲವಾದ ವಾಕ್ಯ ಕಂಡರೆ ಅವರ ಪೆನ್ನು ಸುಮ್ಮನಿರುವುದಿಲ್ಲ. ಅಷ್ಟಾದರೂ ಪಾಸಾಗಲಿ ಎಂದು ನಾನು ‘ಪಾರ್ಶ್ವವಾಯುವಿನಿಂದ ನುಂಗಲಾಗದವರಿಗೆ’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಆಗಿನ್ನೂ ಅತ್ತೆ ಕಾಫಿ ಕುಡಿದು ನನ್ನನ್ನು ಬೈಯುತ್ತಿದ್ದರು. ಈಗ ನನ್ನ ವಾಕ್ಯವೇ ಅವರ ಮುಖಕ್ಕೆ ಬಾಗಿಲು ಹಾಕಿತ್ತು.

ಬಾಗಿಲು ತೆಗೆಸಬೇಕೆಂದರೆ, ಆ ಕರಡು ತೀರ್ಮಾನಕ್ಕೆ ಬರುವ ದಿನ ಸಮಿತಿಯಲ್ಲಿ ನಾನು ಮಾತಾಡಬೇಕು. ಅಲ್ಲಿಯ ಕಟ್ಟುಪಾಡು ಹೀಗಿದೆ: ಯಾವುದೇ ಚಿಕಿತ್ಸೆಯ ವಿಷಯ ಎತ್ತುವ ಮೊದಲು, ಅದರಲ್ಲಿ ನಿಮ್ಮ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಅಧ್ಯಕ್ಷೆ ಕೇಳುತ್ತಾರೆ. ಇದ್ದರೆ ಎದ್ದು ಹೇಳಬೇಕು, ಹೇಳಿದ ಮೇಲೆ ತೀರ್ಮಾನ ಆಗುವ ತನಕ ಹೊರಗಿನ ಬೆಂಚಿನ ಮೇಲೆ ಕೂರಬೇಕು. ಮುಚ್ಚಿಟ್ಟದ್ದು ಆಮೇಲೆ ಬಯಲಾದರೆ ತೀರ್ಮಾನವೇ ರದ್ದು, ಮತ್ತೆ ಮೊದಲಿಂದ ಶುರು. ಬಾಯಿ ಮುಚ್ಚಿಕೊಂಡು ವಾದ ಮಾಡಿ ಬಾ ಎಂದರು ನಮ್ಮ ಯಜಮಾನರು. ಅಂದರೆ ಅಮ್ಮನ ಸುದ್ದಿ ಎತ್ತದೆ ವಾದ ಮಾಡು ಎಂದು. ಹೂಂ ಎಂದೆ. ಬಸ್ಸಿನಲ್ಲಿ ಕೂತು ವಾದವನ್ನೆಲ್ಲ ಬಾಯಿಪಾಠ ಮಾಡಿಕೊಂಡೆ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಗೊರಗೊರ ಎನ್ನುವ ಏಸಿ, ಯಾರೂ ಮುಟ್ಟದ ಬಿಸ್ಕತ್ತಿನ ತಟ್ಟೆ. ಎದುರಿಗೆ ಕತ್ತರಿ, ಪಕ್ಕದಲ್ಲಿ ಡಾಕ್ಟರಮ್ಮ. ಅಧ್ಯಕ್ಷೆ ಯಾಂತ್ರಿಕವಾಗಿ ಆ ಪ್ರಶ್ನೆ ಕೇಳಿದರು. ನಾನು ತಲೆ ತಗ್ಗಿಸಿಕೊಂಡು ಕೂತೆ. ಮುಂದಿದ್ದ ಕರಡಿನ ಮೇಲೆ ಕಣ್ಣು ಬಿತ್ತು. ನನ್ನ ಹೆಸರಿನಿಂದ ಹೊರಟ ವಾಕ್ಯ ಇದು. ನಾಳೆ ಅತ್ತೆ ಅದೇ ಕ್ಲಿನಿಕ್ಕಿನಲ್ಲಿ ಸಾಲು ನಿಂತರೆ ಯಾರಿಗೆ ಗೊತ್ತಾಗುವುದಿಲ್ಲ? ಎಲ್ಲ ರದ್ದಾದರೆ ಪಾರ್ಶ್ವವಾಯುವಿನವರಿಗೂ ಇಲ್ಲ, ಇವರಿಗೂ ಇಲ್ಲ.

ಎದ್ದು ನಿಂತು ನಮ್ಮ ಅತ್ತೆಗೆ ನುಂಗಲಾಗುವುದಿಲ್ಲ ಎಂದೆ. ಹೇಳುತ್ತಲೇ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಅಧ್ಯಕ್ಷೆ ಬಾಗಿಲ ಕಡೆ ಕೈತೋರಿಸಿದರು. ಬಾಯಿಪಾಠ ಮಾಡಿದ್ದನ್ನೆಲ್ಲ ನುಂಗಿಕೊಂಡು ಹೊರಗೆ ಬಂದೆ.

ಬೆಂಚಿನ ಮೇಲೆ ಕೂತು ಇನ್ನೇನು ಅಳಬೇಕು, ಬಾಗಿಲು ಮತ್ತೆ ತೆರೆಯಿತು. ಬಂದವರು ಕತ್ತರಿ. ಬೆಂಚಿನ ಆ ತುದಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ನನ್ನ ಹೆಂಡತಿಗೆ ಲಕ್ವ ಹೊಡೆದಿದೆ,” ಎಂದರು. “ನುಂಗೋಕಾಗಲ್ಲ, ಮಾತೂ ಹೋಗಿದೆ. ಆಫೀಸಲ್ಲಿ ಯಾರಿಗೂ ಹೇಳಿರ್ಲಿಲ್ಲ.”

ನನ್ನ ವಾಕ್ಯದಲ್ಲಿ ಅವರ ಹೆಂಡತಿಗೆ ಜಾಗ ಇತ್ತು. ಸುಮ್ಮನೆ ಕೂತಿದ್ದರೆ ಕೆಲಸ ಆಗುತ್ತಿತ್ತು. ಅದನ್ನೇ ಕೇಳಿಬಿಟ್ಟೆ.

“ನೀವು ಎದ್ದು ಹೋದ ಮೇಲೆ ಆ ಕುರ್ಚೀಲಿ ಕೂರೋಕಾಗಲಿಲ್ಲ ಮೇಡಂ,” ಎಂದರು.

ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ನಾವಿಬ್ಬರೂ ಅಡುಗೆಮನೆಯ ಮಾತಾಡಿದೆವು. ಅವರೇ ಬೇಯಿಸುತ್ತಾರಂತೆ, ಅವರೇ ಗಂಜಿ ನುಣ್ಣಗೆ ಮಾಡಿ ಚಮಚದಲ್ಲಿ ಕುಡಿಸುತ್ತಾರಂತೆ. ಒಂದೊಂದು ಚಮಚಕ್ಕೂ ಕೆಮ್ಮು ಬರುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯುತ್ತಾರಂತೆ. ನಾನೂ ಹಾಗೇ ಕಾಯುತ್ತೇನೆ ಎಂದೆ. ಇಷ್ಟು ವರ್ಷ ಈ ಮನುಷ್ಯನನ್ನು ಶಪಿಸಿದ್ದೇನಲ್ಲ ಎಂದು ನಾಚಿಕೆಯಾಯಿತು.

ಬಾಗಿಲು ತೆರೆದು ಡಾಕ್ಟರಮ್ಮ ಬಂದರು. ಪಾರ್ಶ್ವವಾಯು ಎಂಬ ಮಾತು ತೆಗೆದು ‘ಯಾವ ಕಾರಣದಿಂದಲೇ ಆಗಲಿ, ನುಂಗಲಾಗದವರಿಗೆ’ ಎಂದು ಮಾಡಿದ್ದಾರೆ, ತೊಂದರೆ ಹೆಚ್ಚಿದ್ದವರಿಗೆ ಮೊದಲ ಸರದಿ ಎಂದರು. ಎಲ್ಲರನ್ನೂ ಸೇರಿಸಿ ಎಂದು ತಾವು ಮತ್ತೆ ಕೇಳಿದಾಗ ಬೇಡ ಎನ್ನುವವರೇ ಒಳಗಿರಲಿಲ್ಲವಂತೆ. ಹೇಳುತ್ತ ಹೇಳುತ್ತ ಕತ್ತರಿಯ ಮುಖ ನೋಡಿ ಮಾತು ನಿಲ್ಲಿಸಿದರು.

“ಒಳಗಿದ್ದಿದ್ರೆ ನಾನು ಬಿಡ್ತಿರಲಿಲ್ಲ,” ಎಂದರು ಅವರು ನನಗೆ. “ಇನ್ನು ಸಾಲು ಉದ್ದ ಆಗುತ್ತೆ. ನಿಮ್ಮ ಅತ್ತೆ ಹೆಸರು ಬೇಗ ಕೊಡಿ.”

ಆ ಸಾಲಿನಲ್ಲಿ ಹಿಂದಕ್ಕೆ ಹೋಗುವವರಲ್ಲಿ ಅವರ ಹೆಂಡತಿಯೂ ಒಬ್ಬರು. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕನ್ನಡಕ ಹಾಕಿಕೊಂಡು ಮುಂದಿನ ವಿಷಯಕ್ಕೆ ಒಳಗೆ ಹೋದರು.

ಕ್ಲಿನಿಕ್ ತೆರೆದ ಮೇಲೆ ಎರಡು ಸಲದ ನ್ಯುಮೋನಿಯಾ ನೋಡಿ ಅತ್ತೆಯನ್ನು ಬೇಗ ಕರೆದರು. ಮತ್ತೆ ಮತ್ತೆ ಹೋದೆವು. ಗಲ್ಲವನ್ನು ಎದೆಗೆ ತಾಗಿಸಿ ನುಂಗುವುದನ್ನು ಕಲಿಸಿದರು. ಒಂದು ದಿನ, ಮನೆಯಿಂದ ಇಷ್ಟವಾದದ್ದು ಏನಾದರೂ ಕುಡಿಯಲು ತನ್ನಿ, ಇಲ್ಲೇ ನೋಡೋಣ ಎಂದರು. ನಾನು ಫ್ಲಾಸ್ಕಿನಲ್ಲಿ ಕಾಫಿ ಒಯ್ದೆ. ಅಂದು ಹಣಕಾಸಿನ ಅಧಿಕಾರಿಯೂ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಆಕೆಯ ಮೊದಲ ದಿನ, ನಮ್ಮ ಹಿಂದಿನ ಸರದಿ. ನಾವಿದ್ದ ಒಳಗಿನ ಕೋಣೆಗೂ ಅವರು ಕಾಯುತ್ತಿದ್ದ ಜಾಗಕ್ಕೂ ನಡುವೆ ಬರೀ ಒಂದು ಪರದೆ, ಅದೂ ಅರ್ಧ ಸರಿದಿತ್ತು.

ಗಂಟಲಲ್ಲಿ ನಿಧಾನವಾಗಿ ಇಳಿಯಲೆಂದು ಕಲಿಸುವಾಕೆ ಕಾಫಿಗೆ ಮಂದ ಮಾಡುವ ಪುಡಿ ಬೆರೆಸಿ ಕೊಟ್ಟಳು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಗಲ್ಲ ತಗ್ಗಿಸಿ ಒಂದು ಗುಟುಕು ನುಂಗಿದರು. ಕಾದೆವು. ಕೆಮ್ಮು ಬರಲಿಲ್ಲ. ಇನ್ನೊಂದು ಗುಟುಕು. ಆಗಲೂ ಬರಲಿಲ್ಲ. ಅತ್ತೆ ಲೋಟ ಇಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

“ಇವತ್ತೂ ಸಕ್ಕರೆ ಕಮ್ಮೀನೇ ಹಾಕಿದೀಯಲ್ಲೇ.”

ನಾನು ಗೊಳೋ ಎಂದು ಅತ್ತುಬಿಟ್ಟೆ. ಇದಕ್ಕೆಲ್ಲ ಅಳುತ್ತಾರಾ ಎಂದು ಅತ್ತೆ ಅದಕ್ಕೂ ಬೈದರು. ಪರದೆಯ ಆಚೆ ಗಾಲಿಕುರ್ಚಿಯಿಂದ ಏನೋ ಸದ್ದಾಯಿತು. ನೋಡಿದರೆ ಆಕೆ ನಗುತ್ತಿದ್ದಾರೆ, ಬಾಯಿಯ ಒಂದೇ ಪಕ್ಕದಲ್ಲಿ, ಆದರೆ ಹೊಟ್ಟೆತುಂಬ.

“ನಕ್ಕಳು,” ಎಂದರು ಅವರು, ನಾನು ನೋಡಿಯೇ ಇಲ್ಲವೇನೋ ಎಂಬಂತೆ. “ಮೇಡಂ, ನಕ್ಕಳು.”

ಫ್ಲಾಸ್ಕಿನಲ್ಲಿ ಇನ್ನೊಂದು ಲೋಟದಷ್ಟು ಕಾಫಿ ಉಳಿದಿತ್ತು. ಕ್ಯಾಂಟೀನಿನಿಂದ ಸಕ್ಕರೆ ತಂದು ಬೆರೆಸಿ, ಆಕೆಯ ಸರದಿಗೆಂದು ಅವರ ಕೈಗೆ ಕೊಟ್ಟೆ.